ಕಲ್ಲು ಕಂಡವರು, ಕಾರೆಗಿಡ ಕಂಡವರು

ಹಂಪಿಯ ಬಗ್ಗೆ ಬಂದಿರುವ ಪುಸ್ತಕಗಳನ್ನು ಒಂದೆಡೆ ಪೇರಿಸಿದರೆ ಸಣ್ಣ ಗ್ರಂಥಾಲಯವೇ ಆದೀತು. ಗುಡಿ, ಗೋಪುರ, ಶಾಸನ, ನಾಣ್ಯಗಳಿಗೆ ಅಲ್ಲಿ ಕಪಾಟುಗಟ್ಟಲೆ ಜಾಗ. ಆ ಬಂಡೆಗಳ ಸಂದಿಯಲ್ಲೇ ಬೆಳೆಯುವ ಕಾರೆ, ಕವಳಿ, ಬಾರೆ, ತಂಗಡಿಗಳಿಗೆ ಎಷ್ಟು ಪುಟ ಸಿಕ್ಕಿವೆ? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸುತ್ತಿನ ತೋಟ, ಗಿಡಮರ, ಹಕ್ಕಿ, ಪ್ರಾಣಿಗಳ ಬಗ್ಗೆ ಯಾರು ಯಾವಾಗ ಬರೆದರು ಎಂದು ಹುಡುಕುತ್ತ ಹೋದವರಿಗೆ ಒಂದು ಎಳೆ ಕೈಗೆ ಸಿಕ್ಕು ನೂರಾರು ವರ್ಷ ಮಾಯವಾಗುತ್ತದೆ. ಮತ್ತೆ ಸಿಕ್ಕಾಗ ಅದು ಬೇರೆ ಯಾವುದೋ ಭಾಷೆಯಲ್ಲಿರುತ್ತದೆ.

ಈ ಸೀಮೆಯ ಹೂತೋಟದ ಬಗ್ಗೆ ಕನ್ನಡದಲ್ಲಿ ಬರೆದ ಹಳಬರಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವನು ಹರಿಹರ. ವಿಜಯನಗರ ಹುಟ್ಟುವುದಕ್ಕೂ ಶತಮಾನದಷ್ಟು ಹಿಂದೆ ಹಂಪೆಯಲ್ಲಿ ನೆಲೆಸಿದ್ದ ಈ ಕವಿಯ ‘ಪುಷ್ಪರಗಳೆ’ಯನ್ನು ಭಕ್ತಿಕಾವ್ಯವೆಂದು ಓದುವುದೇ ವಾಡಿಕೆ. ಅದು ಭಕ್ತಿಕಾವ್ಯವೇ ಹೌದು. ಆದರೂ ನಸುಕಿನಲ್ಲೆದ್ದು ತೋಟಕ್ಕೆ ಹೋಗಿ, ಹೂಗಳನ್ನು ಮಾತಾಡಿಸುತ್ತ ಬಿಡಿಸಿ, ಮಾಲೆ ಕಟ್ಟಿ ವಿರೂಪಾಕ್ಷನಿಗೆ ಏರಿಸುವ ಆ ವಿವರಗಳು ದಿನವೂ ಹೂ ಬಿಡಿಸಿದ ಕೈಗಲ್ಲದೆ ದಕ್ಕುವಂಥವಲ್ಲ. ಅವನಿಗಿಂತ ಮೊದಲೇ, ಸುಮಾರು 1025ರಲ್ಲಿ, ಚಾಳುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ, ಅಂದರೆ ಗಿಡ ನೆಡುವ, ಪೋಷಿಸುವ, ರೋಗಕ್ಕೆ ಮದ್ದು ಮಾಡುವ ವಿದ್ಯೆಗೆ, ಒಂದು ಅಧ್ಯಾಯ ಕೊಟ್ಟಿದ್ದ. ಒಬ್ಬನದು ಕೈಪಿಡಿ, ಇನ್ನೊಬ್ಬನದು ಒಲವು. ಎರಡೂ ಕನ್ನಡದಲ್ಲಿ ಇಷ್ಟು ಬೇಗ ಬಂದಿದ್ದವು ಎಂಬುದು ಮುಂದಿನ ಕಥೆ ಓದುವಾಗ ನೆನಪಿರಲಿ.

ಏಕೆಂದರೆ ಸಾಮ್ರಾಜ್ಯದ ಕಾಲದ ತೋಟಗಳ ಒಳ್ಳೆಯ ವರ್ಣನೆ ಬೇಕೆಂದರೆ ಪರದೇಶಿಗಳ ಬಾಗಿಲಿಗೇ ಹೋಗಬೇಕು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಝಾಕ್‌ಗೆ ಪೇಟೆಯಲ್ಲಿ ಕಣ್ಣಿಗೆ ಬಿದ್ದದ್ದು ಗುಲಾಬಿ. ಈ ಊರಿನವರಿಗೆ ಅನ್ನದಷ್ಟೇ ಗುಲಾಬಿಯೂ ಬೇಕು ಎನ್ನುವ ಅರ್ಥದಲ್ಲಿ ಅವನು ಬರೆದಿಟ್ಟ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇನ್ನೂ ಸೂಕ್ಷ್ಮ. ಮಾವು, ಹಲಸು, ನಿಂಬೆ, ಕಿತ್ತಳೆ, ದಾಳಿಂಬೆಗಳ ತೋಪುಗಳನ್ನು ಅವನು ನೋಡಿದ. ಕೃಷ್ಣದೇವರಾಯ ಹೊಸದಾಗಿ ಕಟ್ಟಿಸುತ್ತಿದ್ದ ಪಟ್ಟಣ, ಅಂದರೆ ಇಂದಿನ ಹೊಸಪೇಟೆ, ಮತ್ತು ಅದಕ್ಕೆ ನೀರೊದಗಿಸುವ ಕೆರೆಯ ಕೆಲಸವನ್ನೂ ಕಂಡ. ರಾಬರ್ಟ್ ಸೀವೆಲ್ 1900ರಲ್ಲಿ ಇದನ್ನೆಲ್ಲ ಇಂಗ್ಲಿಷಿಗೆ ತಂದ ಮೇಲೆ ಓದುಗರು ಅರಮನೆ, ದಸರಾ, ಸೈನ್ಯದ ಪುಟಗಳನ್ನೇ ತಿರುವಿದರು. ತೋಪಿನ ಪುಟಗಳು ಹಾಗೇ ಉಳಿದವು. ಆ ತೋಪುಗಳಿಗೆ ನೀರುಣಿಸಿದ ರಾಯ, ಬಸವಣ್ಣ, ತುರ್ತು ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ, ಬಾಳೆ, ಕಬ್ಬು, ಭತ್ತ ಬೆಳೆಯುತ್ತವೆ. ಹಂಪಿಯ ಸ್ಮಾರಕಗಳಲ್ಲಿ ಇನ್ನೂ ಕೆಲಸ ಬಿಡದೇ ಇರುವವು ಇವೇ. ಪಕ್ಕದ ಹೂವಿನಹಡಗಲಿಯ ಮಲ್ಲಿಗೆ ಆಗ ರಾಜಧಾನಿಗೆ ಹೋಗುತ್ತಿತ್ತು ಎಂಬ ಪ್ರತೀತಿಯಿದೆ. ಆ ಮಲ್ಲಿಗೆಗೆ ಈಗ ಉಡುಪಿ, ಮೈಸೂರು ಮಲ್ಲಿಗೆಗಳ ಜತೆಗೇ ಭೌಗೋಳಿಕ ಗುರುತಿನ ಮುದ್ರೆ ಬಿದ್ದಿದೆ.

ಬ್ರಿಟಿಷರ ಕಾಲಕ್ಕೆ ಬಂದರೆ ಬರೆಯುವವರ ಕಣ್ಣು ನೆಲದೊಳಗಿತ್ತು. ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಕುರಿತು 1895ರಲ್ಲಿ ಹೊರತಂದ ಗ್ರಂಥ ಸಂಡೂರಿನ ಬೆಟ್ಟಸಾಲನ್ನು ಪದರ ಪದರವಾಗಿ ಬಿಡಿಸಿಟ್ಟಿತು. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಜಿಲ್ಲಾ ಗೆಜೆಟಿಯರ್‌ನಲ್ಲಿ ಕಾಡು, ಬೆಳೆ, ಬರಗಾಲ ಎಲ್ಲವೂ ಉಂಟು, ಎಲ್ಲವೂ ಕಂದಾಯದ ಲೆಕ್ಕದ ಧಾಟಿಯಲ್ಲಿ.

ಹಕ್ಕಿಗಳ ವಿಷಯದಲ್ಲಿ ಆದದ್ದು ಬೇರೆಯೇ ವಿಚಿತ್ರ. ತುಂಗಭದ್ರೆಯ ಉತ್ತರ ದಡದ ಆನೆಗೊಂದಿ ನಿಜಾಮನದು, ದಕ್ಷಿಣದ ಹಂಪಿ, ಹೊಸಪೇಟೆ, ಕಂಪ್ಲಿ ಮದ್ರಾಸು ಪ್ರಾಂತ್ಯದವು, ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನ. ಸಲೀಂ ಅಲಿ 1930ರ ದಶಕದ ಆರಂಭದಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. 1939–40ರಲ್ಲಿ ಮೈಸೂರು ಸಂಸ್ಥಾನದ್ದೂ ಮುಗಿಯಿತು. ಹಂಪಿ ಎರಡರ ನಡುವೆ ಸಿಕ್ಕಿ ಎರಡಕ್ಕೂ ಸೇರದೆ ಹೋಯಿತು. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಅಷ್ಟರಲ್ಲಿ ಸಂಸ್ಥಾನಗಳೂ ಅವುಗಳ ಸಮೀಕ್ಷೆಗಳೂ ಮುಗಿದಿದ್ದವು. ಹಕ್ಕಿಗಳಿಗೆ ಗಡಿ ಇಲ್ಲ ಎನ್ನುತ್ತಾರೆ. ಹಕ್ಕಿಗಳ ಪಟ್ಟಿಗಂತೂ ಇದೆ.

ಈ ಕೊರತೆಯನ್ನು ಒಂದಿಷ್ಟು ತುಂಬಿದವರು ಸಂಡೂರಿನ ಅರಸು ಮನೆತನದ ಎಂ.ವೈ. ಘೋರ್ಪಡೆ. ರಾಜ್ಯದ ಹಣಕಾಸು ಸಚಿವರಾಗಿ, ನಂತರ ಪಂಚಾಯತ್ ರಾಜ್ ಕೆಲಸಕ್ಕಾಗಿ ಹೆಸರಾದ ಅವರು ಕಪ್ಪು-ಬಿಳುಪಿನ ವನ್ಯಜೀವಿ ಛಾಯಾಗ್ರಹಣದಲ್ಲೂ ನುರಿತವರು. 1983ರಲ್ಲಿ ಪ್ರಕಟವಾದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ನಲ್ಲಿ ಚಿತ್ರಗಳಷ್ಟೇ ಗಟ್ಟಿಯಾದ ದಿನಚರಿಯ ಬರಹವೂ ಇದೆ. ಆ ಮನೆತನವೇ 1954ರಲ್ಲಿ ಸಂಡೂರಿನಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕಂಪನಿ ಕಟ್ಟಿದ್ದು ಎಂಬುದನ್ನೂ ಹೇಳಬೇಕು. ಅದಿರು ಮತ್ತು ಅಡವಿ ಎರಡರ ಬೆಲೆಯೂ ಒಂದೇ ಮನೆಯಲ್ಲಿ ಗೊತ್ತಿದ್ದ ಊರು ಅದು. ಆದರೆ ಪುಸ್ತಕ ಇಂಗ್ಲಿಷಿನದು. ಸಂಡೂರಿನ ಕುರಿಗಾಹಿಗೋ ಶಾಲೆಯ ಮೇಷ್ಟರಿಗೋ ಅದು ತಲುಪಿದ್ದು ಅಷ್ಟಕ್ಕಷ್ಟೆ.

ಇತ್ತ ಕನ್ನಡದಲ್ಲಿ ಪರಿಸರ ಬರಹಕ್ಕೆ ಒಳ್ಳೆಯ ಹದ ಬಂದದ್ದು ಅದೇ ಕಾಲಕ್ಕೆ. ಬಿ.ಜಿ.ಎಲ್. ಸ್ವಾಮಿ ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಮೇಷ್ಟರ ತುಂಟತನದಲ್ಲಿ ಸಸ್ಯಶಾಸ್ತ್ರ ಕಲಿತವರು ಎಷ್ಟೋ ಜನ. 1980ರಲ್ಲಿ ತೇಜಸ್ವಿಯವರ ‘ಕರ್ವಾಲೊ’, 1991ರಲ್ಲಿ ‘ಪರಿಸರದ ಕತೆ’. ನಾಗೇಶ ಹೆಗಡೆಯವರು ಪತ್ರಿಕೆಗಳಲ್ಲಿ ವಿಜ್ಞಾನ ಮತ್ತು ಪರಿಸರವನ್ನು ದಿನದ ಸುದ್ದಿಯಾಗಿಸಿದರು. ಪುತ್ತೂರಿನಲ್ಲಿ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ರೈತರ ಕೈಗೇ ಪೆನ್ನು ಕೊಟ್ಟಿತು. ಈ ಫಸಲಿನ ಬಹುಪಾಲು ಮಳೆ ಸುರಿಯುವ ಕಡೆಯದು. ಪಶ್ಚಿಮಘಟ್ಟ, ಮೂಡಿಗೆರೆ, ಕರಾವಳಿ, ಶಿರಸಿ. ಕನ್ನಡ ಓದುಗನ ಮನಸ್ಸಿನಲ್ಲಿ ‘ಕಾಡು’ ಎಂದರೆ ಜಿಗಣೆ, ಜೀರುಂಡೆ, ಮಂಜು. ವರ್ಷದ ಎಂಟು ತಿಂಗಳು ಒಣಗಿ ನಿಲ್ಲುವ, ನೆರಳಿಗಿಂತ ಮುಳ್ಳೇ ಹೆಚ್ಚಿರುವ ಕುರುಚಲು ಕಾಡಿಗೆ ಒಬ್ಬ ತೇಜಸ್ವಿ ಸಿಗಲಿಲ್ಲ. ಅದರ ಪರಿಣಾಮ ಸಾಹಿತ್ಯಕ್ಕಷ್ಟೇ ನಿಲ್ಲಲಿಲ್ಲ ಎಂದು ನನ್ನ ಅನಿಸಿಕೆ. ವರ್ಣನೆಯಿಲ್ಲದ ಕಾಡನ್ನು ‘ಪಾಳು ಭೂಮಿ’ ಎಂದು ಕಡತದಲ್ಲಿ ಬರೆಯುವುದು ಬಲು ಸುಲಭ.

ಹಾಗಾಗಿ ಈ ಭಾಗದ ನಿಸರ್ಗದ ದಾಖಲೆ ಬೆಳೆದದ್ದು ಪುಸ್ತಕದ ದಾರಿ ಬಿಟ್ಟು, ಕ್ಯಾಮೆರಾ ಮತ್ತು ಅರ್ಜಿಗಳ ದಾರಿಯಲ್ಲಿ. ಸ್ಥಳೀಯ ಆಸಕ್ತರು ಕರಡಿಗಳ ಗವಿ, ಹೆಜ್ಜೆ, ಹಿಕ್ಕೆಗಳನ್ನು ಗುರುತು ಹಾಕಿ, ಚಿತ್ರ ತೆಗೆದು, ಇಲಾಖೆಯ ಬಾಗಿಲು ತಟ್ಟಿದರು. 1994ರಲ್ಲಿ ಬಿಳಿಕಲ್ಲು ಮೀಸಲು ಅರಣ್ಯದ ಸುಮಾರು 5,587 ಹೆಕ್ಟೇರ್ ದರೋಜಿ ಕರಡಿಧಾಮವಾಯಿತು, ಮುಂದೆ ಬುಕ್ಕಸಾಗರದ ಕಾಡೂ ಸೇರಿತು. ಸಂಜೆ ಹೊತ್ತಿಗೆ ಬಂಡೆಗೆ ಬಳಿದ ಬೆಲ್ಲದ ಪಾಕ ನೆಕ್ಕಲು ಕರಡಿಗಳು ಇಳಿದು ಬರುವುದನ್ನು ನೋಡಲೆಂದೇ ಜನ ಬರುತ್ತಾರೆ. ನನಗೆ ಆ ಬೆಲ್ಲದ ಏರ್ಪಾಡಿಗಿಂತ ಅಲ್ಲಿನ ಕಾರೆ, ಬಾರೆ, ಕವಳಿ, ಸೀತಾಫಲಗಳೇ ಮುಖ್ಯವಾಗಿ ಕಾಣುತ್ತವೆ. ಕರಡಿಯ ನಿಜವಾದ ತೋಟ ಅದೇ, ಆ ಹಣ್ಣುಗಳ ಬೀಜ ಹರಡುವ ತೋಟಗಾರನೂ ಕರಡಿಯೇ.

ಸಮದ್ ಕೊಟ್ಟೂರು ಅವರಂಥ ಛಾಯಾಗ್ರಾಹಕರಿಂದ ಹಂಪಿಯ ಹಕ್ಕಿಗಳಿಗೂ ಮುಖ ಸಿಕ್ಕಿತು. ಹಳದಿ ಕೊರಳಿನ ಪಿಕಳಾರ ಇದಕ್ಕೆ ಒಳ್ಳೆಯ ಉದಾಹರಣೆ. ದಕ್ಷಿಣ ಭಾರತದ ಬಂಡೆಗುಡ್ಡಗಳ ಮುಳ್ಳುಪೊದೆಗಳಲ್ಲಿ ಮಾತ್ರ ಇರುವ, ಅಪಾಯದ ಅಂಚಿಗೆ ಸರಿಯುತ್ತಿರುವ ಈ ಹಕ್ಕಿಯನ್ನು ಪ್ರಾಣಿಶಾಸ್ತ್ರಜ್ಞ ಜರ್ಡನ್ 1845ರಲ್ಲೇ ವಿಜ್ಞಾನಕ್ಕೆ ಪರಿಚಯಿಸಿದ್ದ. ಈಗ ಅದನ್ನು ನೋಡಲೆಂದೇ ಹಂಪಿಗೆ ಬಂದು, ವಿಠ್ಠಲನ ಗುಡಿಯ ಕಡೆ ತಲೆಯೂ ಹಾಕದೆ ಹಿಂದಿರುಗುವವರಿದ್ದಾರೆ! ಅವರು ಕಂಡ ಹಕ್ಕಿಗಳ ಪಟ್ಟಿ ಅದೇ ಸಂಜೆ ಇ-ಬರ್ಡ್‌ಗೆ ಏರುತ್ತದೆ. ಸಲೀಂ ಅಲಿಯವರ ಎರಡು ಸಮೀಕ್ಷೆಗಳ ನಡುವೆ ಬಿಟ್ಟುಹೋದ ಜಾಗ ಹೀಗೆ, ಯಾರ ಅಪ್ಪಣೆಗೂ ಕಾಯದೆ, ತುಂಬುತ್ತಿದೆ.

ಹೊಳೆಯ ಸರದಿ ಬಂದದ್ದು 2015ರಲ್ಲಿ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿಲೋಮೀಟರ್ ಹರಿವನ್ನು ನೀರುನಾಯಿ ಸಂರಕ್ಷಣಾ ಮೀಸಲೆಂದು ಸರ್ಕಾರ ಘೋಷಿಸಿತು. ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು ನೀರುನಾಯಿಗೆ ಹೇಗೆ ಕುತ್ತು ಎಂದು ಕಂಡವರು ಹೇಳುತ್ತ ಬಂದದ್ದರ ಫಲ ಅದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯದು ಇನ್ನೂ ಸ್ವಾರಸ್ಯದ ಸಂಗತಿ. ಕೆರೆಯೊಳಗಿನ ಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟತೊಡಗಿದವು, ಊರವರೇ ಕಾವಲಾದರು. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು, 2024ರ ಆರಂಭದಲ್ಲಿ ಜೌಗುನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು.

ಸಂಡೂರಿನ ಬೆಟ್ಟಗಳ ಬಗ್ಗೆ ಕನ್ನಡದಲ್ಲಿ ಅತಿ ಹೆಚ್ಚು ಅಕ್ಷರ ಖರ್ಚಾದದ್ದು ಅವು ಹೋಗತೊಡಗಿದ ಮೇಲೆ. 1934ರಲ್ಲಿ ಬಂದಿದ್ದ ಗಾಂಧೀಜಿ ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದರು ಎಂಬ ಮಾತು ಊರಿನ ಬಾಯಲ್ಲಿದೆ. ಮಳೆ ಮುಗಿಯುವ ಆ ಹೊತ್ತಿನ ಹಸಿರನ್ನು ಕಂಡವರಿಗೆ ಕಾರಣ ಕೇಳಬೇಕಿಲ್ಲ. 2000ದ ನಂತರದ ಗಣಿ ಭರಾಟೆಯಲ್ಲಿ ಆ ಹಸಿರಿನ ಮೇಲೆ ಕೆಂಧೂಳು ಕೂತಿತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಸಂಡೂರಿನವರೇ ಆದ ವಸುಧೇಂದ್ರರ ‘ಕೆಂಪು ಗಿಣಿ’ ಕತೆ ಆ ಗಣಿ ಕಾಲದ್ದು. ಪರಿಸರ ವರದಿಗಳಲ್ಲಿ ಸಿಗದ ಸಂಕಟ ಅದರಲ್ಲಿದೆ. 2024ರಲ್ಲಿ ದೇವದಾರಿ ಗುಡ್ಡದ 400 ಹೆಕ್ಟೇರಿಗೂ ಮಿಕ್ಕಿದ ಕಾಡನ್ನು ಗಣಿಗೆ ಕೊಡುವ ಪ್ರಶ್ನೆ ಎದ್ದಾಗ ವಾದ ನಡೆದದ್ದು ಮರಗಳ ಸಂಖ್ಯೆಯ ಮೇಲೆ. ಮರಗಳ ಹೆಸರು ಹೇಳಿ ವಾದಿಸಿದವರು ಕಡಿಮೆ.

ಹೊಸದಾಗಿ ಓದಲು ಶುರುಮಾಡುವ ಗೆಳೆಯರು ಕೇಳಿದರೆ ನಾನು ‘ಪುಷ್ಪರಗಳೆ’ ಮತ್ತು ‘ಹಸುರು ಹೊನ್ನು’ ಎರಡನ್ನೂ ಒಟ್ಟಿಗೆ ಕೈಗಿಡುತ್ತೇನೆ, ನಂತರ ಪಾಯೆಸ್‌ನ ತೋಪಿನ ಪುಟಗಳನ್ನು. ಅಲ್ಲಿಂದ ಮುಂದೆ ಕೊಡಲು ಕೈ ತಡಕಾಡುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಕಡೆ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ, ಆನೆಗೊಂದಿ ಕೊಪ್ಪಳದಲ್ಲಿ. ಮತ್ತೆ ಮೂರು ಪಾಲು. ಒಂದೊಂದು ಜಿಲ್ಲೆಯೂ ತನ್ನ ಪಾಲಿನ ಪಟ್ಟಿ ಮಾಡಿಕೊಂಡೀತು. ತುರ್ತು ಕಾಲುವೆಯ ಬಾಳೆ ತೋಟದವರಿಗೆ ಪುತ್ತೂರಿನ ರೈತರಿಗಿರುವಂಥ ಪತ್ರಿಕೆ ಇಲ್ಲ. ನೀರುನಾಯಿ ಯಾವ ಮಡುವಿನಲ್ಲಿ ಮರಿ ಹಾಕುತ್ತದೆ, ಯಾವ ತಿಂಗಳು ಬಲೆ ಹರಿಯುತ್ತದೆ ಎಂಬುದು ಕಂಪ್ಲಿಯ ಕಡೆ ಹರಿಗೋಲು ಹಾಕುವ ಬೆಸ್ತರಿಗೆ ಗೊತ್ತು. ಅವರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ವಿಶ್ವವಿದ್ಯಾಲಯದ ಯೋಜನೆಯೇ ಬೇಕೆಂದಿಲ್ಲ, ಬೇಸಿಗೆ ರಜೆಯಲ್ಲಿರುವ ಒಬ್ಬ ಮೇಷ್ಟರೂ ನೋಟುಬುಕ್ಕೂ ಸಾಕು.