ಘಟ್ಟದ ಊರುಗಳಿಗೂ ಸಲ್ಲಬೇಕಾದ ಹಸಿರು ಬಸ್ಸು

ನವಿ ಮುಂಬಯಿಯ ಐರೋಲಿಯ ನಿಲ್ದಾಣಗಳಲ್ಲಿ ಹೊಗೆಯುಗುಳದ ಬಸ್ಸು ಈಗ ಅಪರೂಪವೇನಲ್ಲ. 1996ರಲ್ಲಿ ಆರಂಭವಾದ ನವಿ ಮುಂಬಯಿ ಪಾಲಿಕೆಯ ಸಾರಿಗೆಗೆ, ವಿದ್ಯುತ್ ವಾಹನಗಳಿಗೆ ನೆರವು ಕೊಡುವ ಕೇಂದ್ರದ ‘ಫೇಮ್’ ಯೋಜನೆಯ ಎರಡನೇ ಹಂತದಲ್ಲಿ ಎಲೆಕ್ಟ್ರಿಕ್ ಬಸ್ಸುಗಳು ಮಂಜೂರಾದವು. ಐರೋಲಿ ಸೇರಿರುವ ಠಾಣೆ ಜಿಲ್ಲೆಯಲ್ಲೇ ಮುರ್ಬಾಡ್, ಶಹಾಪುರ ತಾಲೂಕುಗಳಿವೆ. ಸಹ್ಯಾದ್ರಿಯ ಬುಡದ ಅಲ್ಲಿನ ಆದಿವಾಸಿ ಪಾಡಾಗಳ ಜನ ಆಸ್ಪತ್ರೆ, ಕಾಲೇಜು, ಸಂತೆಗಳಿಗೆ ಹೋಗಲು ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸನ್ನೇ ನಂಬಿದ್ದಾರೆ. ಒಂದೇ ಜಿಲ್ಲೆಯೊಳಗಿನ ಈ ಅಂತರ ಆಕಸ್ಮಿಕವಲ್ಲ. ಹಸಿರು ಬಸ್ಸಿಗೆ ಹಣ ಹಂಚುವಾಗ ನಾವು ಜನಸಂಖ್ಯೆಯನ್ನು ಅಳೆದೆವು, ಅಗತ್ಯವನ್ನು ಅಳೆಯಲಿಲ್ಲ.

ಹತ್ತು ವರ್ಷಗಳ ಯೋಜನೆಗಳನ್ನು ಸಾಲಾಗಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 2015ರ ಏಪ್ರಿಲ್‌ನಲ್ಲಿ ಬಂದ ಫೇಮ್‌ನ ಮೊದಲ ಹಂತ ಕೆಲವೇ ನಗರಗಳಲ್ಲಿ ನಡೆದ ಪ್ರಯೋಗ. 10,000 ಕೋಟಿ ರೂಪಾಯಿಯ ಎರಡನೇ ಹಂತ 2019ರಲ್ಲಿ ಶುರುವಾಯಿತು; ಆ ವರ್ಷ ಮಂಜೂರಾದ 5,595 ಬಸ್ಸುಗಳಲ್ಲಿ ಊರಿನಿಂದ ಊರಿಗೆ ಓಡಲು ಸಿಕ್ಕವು 400 ಮಾತ್ರ. 2023ರ ಆಗಸ್ಟ್‌ನ ‘ಪಿಎಂ ಇ-ಬಸ್ ಸೇವಾ’ 10,000 ಬಸ್ಸುಗಳ ಗುರಿಯೊಂದಿಗೆ ಮೂರು ಲಕ್ಷಕ್ಕೂ ಹೆಚ್ಚು ಜನರಿರುವ ನಗರಗಳನ್ನು ಆರಿಸಿಕೊಂಡು, ಗುಡ್ಡಗಾಡು ರಾಜ್ಯಗಳ ರಾಜಧಾನಿಗಳಿಗೆ ವಿನಾಯಿತಿ ಕೊಟ್ಟಿತು. ಮರುವರ್ಷದ ‘ಪಿಎಂ ಇ-ಡ್ರೈವ್’ ತನ್ನ ಬಸ್ಸಿನ ಹಣದ ಮುಖ್ಯ ಪಾಲನ್ನು ಜನಸಂಖ್ಯೆ 40 ಲಕ್ಷ ಮೀರಿದ ಮಹಾನಗರಗಳಿಗೆ ಮೀಸಲಿಟ್ಟಿತು. ಮಹಾರಾಷ್ಟ್ರ, ಕರ್ನಾಟಕಗಳು ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿಲ್ಲ. ಹಾಗಾಗಿ ಮುರ್ಬಾಡ್ ಬಳಿಯ ಮಾಳ್ಶೇಜ್ ಘಾಟಿನ ತಪ್ಪಲಾಗಲಿ ನಮ್ಮ ಮಲೆನಾಡಾಗಲಿ ಯಾವ ವಿನಾಯಿತಿಗೂ ಒಳಪಡಲಿಲ್ಲ.

ಘಟ್ಟ ಹತ್ತುವ ಶಕ್ತಿ ಬ್ಯಾಟರಿ ಬಸ್ಸಿಗಿಲ್ಲ ಎಂಬ ಆಕ್ಷೇಪಕ್ಕೆ ಅನುಭವವೇ ಉತ್ತರ ಕೊಟ್ಟಿದೆ. 2017ರಲ್ಲಿ ಹಿಮಾಚಲದ ಸಾರಿಗೆ ನಿಗಮ ಮನಾಲಿಯಿಂದ ಸುಮಾರು 13,000 ಅಡಿ ಎತ್ತರದ ರೋಹ್‌ತಾಂಗ್‌ಗೆ ಎಲೆಕ್ಟ್ರಿಕ್ ಬಸ್ ಓಡಿಸಿತು. ಕೆಎಸ್‌ಆರ್‌ಟಿಸಿಯ ‘ಇವಿ ಪವರ್ ಪ್ಲಸ್’ 2023ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟು, ಬಳಿಕ ಮಡಿಕೇರಿಗೂ ತಲುಪಿತು. ಏರಿನಲ್ಲಿ ಬ್ಯಾಟರಿ ಬೇಗ ಖಾಲಿಯಾಗುವುದು ನಿಜ. ಆದರೆ ಇಳಿಜಾರಿನಲ್ಲಿ ಮೋಟಾರೇ ಜನರೇಟರಿನಂತೆ ದುಡಿದು ಖರ್ಚಾದ ಶಕ್ತಿಯ ಒಂದಂಶವನ್ನು ಹಿಂದಿರುಗಿಸುತ್ತದೆ, ಬ್ರೇಕಿನ ಸವೆತವನ್ನೂ ತಗ್ಗಿಸುತ್ತದೆ. ಇಷ್ಟಾದರೂ ಮಡಿಕೇರಿಗೆ ಹೋಗುವುದು ಹವಾನಿಯಂತ್ರಿತ ಐಷಾರಾಮಿ ಬಸ್ಸು. ಹೋಬಳಿಯಿಂದ ತಾಲೂಕು ಕೇಂದ್ರಕ್ಕೆ ಬರುವ ಸಾಮಾನ್ಯ ಬಸ್ಸಿಗೆ ಆ ತಂತ್ರಜ್ಞಾನ ಇನ್ನೂ ಇಳಿದು ಬಂದಿಲ್ಲ.

ಹೊಗೆ ಹೆಚ್ಚಿರುವುದು ನಗರದಲ್ಲಿ, ಹಣವೂ ಅಲ್ಲಿಗೇ ಹೋಗಲಿ ಎಂಬ ವಾದ ಇನ್ನೂ ಗಟ್ಟಿಯಾದದ್ದು. ಗಾಳಿಯ ಶುದ್ಧಿಯೊಂದೇ ಗುರಿಯಾಗಿದ್ದರೆ ಅದನ್ನು ಒಪ್ಪಬಹುದಿತ್ತು. ಆದರೆ ಡೀಸೆಲ್ ಖರ್ಚು ಇಳಿಸುವುದೂ ಈ ಬಸ್ಸುಗಳ ಉದ್ದೇಶ, ಮತ್ತು ಆ ಖರ್ಚಿಗೆ ಮೊದಲು ಬಲಿಯಾಗುವುದು ಘಟ್ಟದ ಮಾರ್ಗಗಳು. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ ಮಲೆನಾಡಿನ ಒಳಹಳ್ಳಿಗಳನ್ನು ಮುಟ್ಟಿತ್ತು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟಿತ್ತು. ಡೀಸೆಲ್ ಬೆಲೆಯೂ ಸೇರಿದಂತೆ ಏರುತ್ತ ಹೋದ ವೆಚ್ಚ ತಾಳಲಾರದೆ 2020ರಲ್ಲಿ ಅದು ನಿಂತಿತು. ನಗರದಲ್ಲಿ ಬಸ್ಸು ತಪ್ಪಿದವರಿಗೆ ಲೋಕಲ್ ರೈಲಿದೆ, ಆಟೋ ಇದೆ. ಘಟ್ಟದಲ್ಲಿ ಬಸ್ಸು ನಿಂತರೆ ಹುಡುಗಿಯರ ಓದು ನಿಲ್ಲುತ್ತದೆ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ‘ಶಕ್ತಿ’ ಯೋಜನೆ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟಿದೆ. ಬಸ್ಸೇ ಬಾರದ ಊರಿನಲ್ಲಿ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ.

ಪ್ರಯಾಣಿಕರು ಕಡಿಮೆ, ನಷ್ಟ ಖಚಿತ ಎಂಬ ಮಾತೂ ಸುಳ್ಳಲ್ಲ. ಈಗಿನ ಗುತ್ತಿಗೆಯಲ್ಲಿ ಬಸ್ಸು ಖಾಸಗಿ ಕಂಪನಿಯದು. ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಸರ್ಕಾರ ಹಣ ಕೊಡುತ್ತದೆ. ತಿರುವುಗಳಲ್ಲಿ ನಿಧಾನ ಸಾಗುವ ಬಸ್ಸು ದಿನವಿಡೀ ದುಡಿದರೂ ಕಡಿಮೆ ದೂರ ಓಡುವುದರಿಂದ ಗುತ್ತಿಗೆದಾರ ಅತ್ತ ಸುಳಿಯುವುದಿಲ್ಲ. ಇದು ಲೆಕ್ಕ ಹಾಕುವ ಕ್ರಮದ ದೋಷ, ತಿದ್ದಬಹುದಾದದ್ದು. ಘಟ್ಟದ ಮಾರ್ಗಕ್ಕೆ ಹೆಚ್ಚಿನ ದರ ಅಥವಾ ಓಡಿದ ಗಂಟೆಗಳ ಲೆಕ್ಕ, ತಾಲೂಕು ಡಿಪೋದಲ್ಲಿ ಚಾರ್ಜಿಂಗ್, ಪುಟ್ಟ ಬಸ್ಸುಗಳು: ಇವಿಷ್ಟು ಸಾಕು. ಇದಕ್ಕೆ ಪೂರ್ವನಿದರ್ಶನವೂ ಇದೆ. 1974-75ರಲ್ಲಿ ಆರಂಭವಾದ ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮ ತಾಲೂಕನ್ನೇ ಘಟಕವಾಗಿ ಹಿಡಿದು ಕೇಂದ್ರದ ನೆರವು ಹಂಚಿತ್ತು. ಬಸ್ಸಿನ ಹಣಕ್ಕೂ ಅದೇ ಅಳತೆ ತಂದರೆ ಮುರ್ಬಾಡ್ ಮತ್ತು ಕೊಪ್ಪ ಒಂದೇ ಪಟ್ಟಿಯಲ್ಲಿ ಹಕ್ಕಿನಿಂದ ನಿಲ್ಲುತ್ತವೆ. ಐರೋಲಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಬೇಕಿಲ್ಲ. ಮುಂದಿನ ಯೋಜನೆಯಲ್ಲಿ ಘಟ್ಟದ ತಾಲೂಕುಗಳಿಗೆ ನಿಶ್ಚಿತ ಪಾಲು ಬರೆದಿಡಬೇಕು.