ಕತ್ತಲು ಬೇಡುವ ಕ್ರಿಸ್‌ಮಸ್ ಗಿಡ

ಕ್ರಿಸ್‌ಮಸ್ ಕಳೆದು ಕೆಲವು ವಾರಗಳಾಗುವಷ್ಟರಲ್ಲಿ ಅಮೆರಿಕದ ಅನೇಕ ಮನೆಗಳಲ್ಲಿ ಪಾಯಿನ್‌ಸೆಟಿಯಾದ ಕುಂಡ ಕಸದ ಡಬ್ಬಿ ಸೇರುತ್ತದೆ. ಕೆಂಪು ಮಾಸಿ ಎಲೆ ಉದುರಿದ ಮೇಲೆ ಗಿಡ ಸತ್ತಿತೆಂದೇ ಎಲ್ಲರ ಎಣಿಕೆ. ಆದರೆ ಅದು ಸತ್ತಿರುವುದಿಲ್ಲ. ತನ್ನ ತವರಿನಲ್ಲಿ ಹತ್ತಡಿಗೂ ಮೀರಿ ಬೆಳೆದು ಹಲವು ವರ್ಷ ಬಾಳುವ ಪೊದೆ ಇದು. ಅಂಥದ್ದು ಒಂದೇ ತಿಂಗಳ ಅಲಂಕಾರವಾದದ್ದು ಹೇಗೆ?

ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಜ್ಟೆಕ್ ಜನರ ನಹುವಾಟ್ಲ್ ಭಾಷೆಯಲ್ಲಿ ಇದು 'ಕ್ವೆಟ್ಲಾಶೋಚಿಟ್ಲ್'. ಹೂವೆಂದು ಕಾಣುವ ಕೆಂಪು ದಳಗಳು ನಿಜವಾಗಿ ಬಣ್ಣ ತಳೆದ ಎಲೆಗಳು. ಹೂಗಳು ನಡುವೆ ಇರುವ ಸಣ್ಣ ಹಳದಿ ಗೊಂಚಲು ಮಾತ್ರ. ಆ ಎಲೆಗಳಿಂದ ಅಜ್ಟೆಕ್ ಜನ ಬಣ್ಣ ತೆಗೆಯುತ್ತಿದ್ದರು. ಸ್ಪೇನಿನವರು ಬಂದ ಮೇಲೆ, ಡಿಸೆಂಬರ್‌ನಲ್ಲಿ ಕೆಂಪಾಗುವ ಈ ಗಿಡ ಕ್ರಿಸ್ತಜಯಂತಿಯ ಅಲಂಕಾರಕ್ಕೆ ಒದಗಿತು. ಮೆಕ್ಸಿಕೋದಲ್ಲಿ ಇಂದಿಗೂ ಅದರ ಹೆಸರು 'ನೋಚೆಬುವೆನಾ', ಅಂದರೆ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ.

ಇಂಗ್ಲಿಷಿನ ಹೆಸರು ಬಂದದ್ದು ಜೋಯೆಲ್ ರಾಬರ್ಟ್ಸ್ ಪಾಯಿನ್‌ಸೆಟ್‌ನಿಂದ. 1825ರಲ್ಲಿ ಮೆಕ್ಸಿಕೋಗೆ ಅಮೆರಿಕದ ಮೊದಲ ರಾಜಪ್ರತಿನಿಧಿಯಾಗಿ ಹೋದ ಈತ ಸಸ್ಯಪ್ರೇಮಿ. ಈತನ ಮೂಲಕ ಗಿಡ ಅಮೆರಿಕಕ್ಕೆ ಬಂತು. 1829ರಲ್ಲಿ ಫಿಲಡೆಲ್ಫಿಯಾದ ಪುಷ್ಪ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಅದೇ ವರ್ಷ, ಮೆಕ್ಸಿಕೋದ ಒಳರಾಜಕೀಯದಲ್ಲಿ ಕೈಯಾಡಿಸಿದ ಪಾಯಿನ್‌ಸೆಟ್‌ನನ್ನು ವಾಪಸು ಕರೆಸಿಕೊಳ್ಳುವಂತೆ ಅಲ್ಲಿನ ಸರ್ಕಾರ ಕೇಳಿತು. ಮುಂದೆ ಯುದ್ಧ ಕಾರ್ಯದರ್ಶಿಯಾಗಿ ಆತ ಅಧಿಕಾರದಲ್ಲಿದ್ದಾಗಲೇ, 1838ರಲ್ಲಿ, ಚೆರೊಕೀ ಜನರನ್ನು ಅವರ ನೆಲದಿಂದ ಒಕ್ಕಲೆಬ್ಬಿಸಲಾಯಿತು. ಮೂಲನಿವಾಸಿಗಳು ಹೆಸರಿಟ್ಟಿದ್ದ ಗಿಡಕ್ಕೆ ಆತನ ಹೆಸರು ಅಂಟಿತು.

ಅದನ್ನು ಮಾರುಕಟ್ಟೆಯ ಸರಕಾಗಿಸಿದ್ದು ಜರ್ಮನಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಎಕೆ ಕುಟುಂಬ. ಮೊದಲು ಹೊಲದಲ್ಲಿ ಬೆಳೆದು ಹೂಗೊಂಚಲು ಮಾರುತ್ತಿದ್ದವರು ಬಳಿಕ ಕುಂಡದ ಗಿಡಕ್ಕೆ ತಿರುಗಿದರು. ಇತರರ ಗಿಡ ಉದ್ದಕ್ಕೆ ಸೊರಗಿ ಬೆಳೆದರೆ ಇವರದು ಕವಲೊಡೆದು ದಟ್ಟವಾಗುತ್ತಿತ್ತು. ಎರಡು ತಳಿಗಳನ್ನು ಕಸಿ ಮಾಡುವುದು ಅವರ ಗುಟ್ಟು. ಕವಲೊಡೆಸುವುದು ಕಸಿಯ ಮೂಲಕ ದಾಟುವ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಎಂದು 1990ರ ದಶಕದಲ್ಲಿ ತಿಳಿಯಿತು. ಗುಟ್ಟು ಬಯಲಾಗಿ ಪೈಪೋಟಿ ಹೆಚ್ಚಿತು, ಬೆಲೆ ಇಳಿಯಿತು. ಅಗ್ಗವಾದದ್ದನ್ನು ಎಸೆಯುವುದು ಸುಲಭ.

ಉಳಿಸಿಕೊಂಡವರಿಗೂ ಒಂದು ನಿರಾಸೆ ಕಾದಿರುತ್ತದೆ: ಗಿಡ ಹಸಿರಾಗಿ ಸೊಂಪಾಗಿರುತ್ತದೆ, ಕೆಂಪು ಮಾತ್ರ ಬಾರದು. ಕಾರಣ ಗೊಬ್ಬರದ ಕೊರತೆಯಲ್ಲ, ಕತ್ತಲಿನ ಕೊರತೆ. ಹಗಲಿನ ಉದ್ದಕ್ಕೂ ಹೂಬಿಡುವುದಕ್ಕೂ ಇರುವ ನಂಟನ್ನು ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಪಾಯಿನ್‌ಸೆಟಿಯಾ ದೀರ್ಘರಾತ್ರಿಯನ್ನು ಕಾಯುವ ಗಿಡ. ಮನೆಯೊಳಗೆ ರಾತ್ರಿ ಹೊತ್ತಿಸುವ ದೀಪ ಅದರ ಲೆಕ್ಕ ತಪ್ಪಿಸುತ್ತದೆ.

ಆದ್ದರಿಂದ ಆರೈಕೆಗೂ ಒಂದು ಪಂಚಾಂಗವಿದೆ. ಮಾರ್ಚ್‌ವರೆಗೆ ಮಣ್ಣಿನ ಮೇಲ್ಪದರ ಒಣಗಿದಾಗ ಮಾತ್ರ ನೀರು. ಬೇರು ನೀರಿನಲ್ಲಿ ನಿಂತರೆ ಕೊಳೆಯುತ್ತದೆ. ವಸಂತದಲ್ಲಿ ಆರೆಂಟು ಅಂಗುಲ ಉಳಿಸಿ ಕತ್ತರಿಸಬೇಕು, ಚಿಗುರಿದ ಮೇಲೆ ದೊಡ್ಡ ಕುಂಡಕ್ಕೆ ಬದಲಾಯಿಸಬೇಕು. ಆಗಸ್ಟ್ ಕೊನೆಯವರೆಗೆ ಆಗಾಗ ಕುಡಿ ಚಿವುಟಬೇಕು. ಅಕ್ಟೋಬರ್ ಮೊದಲಿನಿಂದ ಎಂಟು ಹತ್ತು ವಾರ, ಸಂಜೆ ಐದರಿಂದ ಬೆಳಿಗ್ಗೆ ಏಳರವರೆಗೆ ರಟ್ಟಿನ ಪೆಟ್ಟಿಗೆ ಮುಚ್ಚಬೇಕು. ಹಗಲಿಡೀ ಒಳ್ಳೆಯ ಬೆಳಕು ಕೊಡಬೇಕು.

ಬೆಂಗಳೂರಿನಂಥ ಊರುಗಳಲ್ಲಿ ಇದು ಅಂಗಳದ ನೆಲದಲ್ಲೇ ಪೊದೆಯಾಗಿ ಬೆಳೆಯುತ್ತದೆ. ಅಲ್ಲಿ ಪೆಟ್ಟಿಗೆ ಬೇಕಿಲ್ಲ, ಬೀದಿದೀಪದ ಬೆಳಕು ತಾಗದ ಮೂಲೆಯೊಂದಿದ್ದರೆ ಸಾಕು. ಮೆಕ್ಸಿಕೋದ ಬೆಟ್ಟಗಳಲ್ಲಿ ಈ ಗಿಡಕ್ಕೆ ದೊರೆಯುತ್ತಿದ್ದದ್ದೂ ಅದೇ: ಬಿಸಿಲಿನ ಹಗಲು, ದೀಪವಿಲ್ಲದ ರಾತ್ರಿ.