‘ಮರಕ್ಕೆ’ ಆದರೆ ‘ಮನೆಗೆ’ ಯಾಕೆ?

ಭಾಷಾವಿಜ್ಞಾನದ ಮೊದಲ ತರಗತಿಯಲ್ಲಿ ಕೆಲವು ಮೇಷ್ಟ್ರು ಪುಸ್ತಕವನ್ನೇ ತೆರೆಯುವುದಿಲ್ಲ. ಬೋರ್ಡಿನ ಮೇಲೆ ಒಂದಷ್ಟು ಪದ ಬರೆಯುತ್ತಾರೆ: ಮರಕ್ಕೆ, ಕೆಲಸಕ್ಕೆ, ಧಾರವಾಡಕ್ಕೆ, ಮನೆಗೆ, ಹಳ್ಳಿಗೆ, ಮೈಸೂರಿಗೆ. ಎಲ್ಲಿ ‘ಕ್ಕೆ’, ಎಲ್ಲಿ ‘ಗೆ’? ಮಾತು ಬಂದಾಗಿನಿಂದ ಒಂದು ಸಲವೂ ತಪ್ಪದೆ ಬಳಸಿದವರೇ ಪೆನ್ನು ಕಚ್ಚುತ್ತ ಕೂರುತ್ತಾರೆ. ‘ಅ’ದಿಂದ ಮುಗಿಯುವ ಪದಕ್ಕೆ ‘ಕ್ಕೆ’ ಸಾರ್, ಎಂದು ಹಿಂದಿನ ಬೆಂಚಿನಿಂದ ಯಾರೋ ಅನ್ನುತ್ತಾರೆ. ಹಾಗಾದರೆ ‘ಅಣ್ಣಕ್ಕೆ’ ಅಂತೀಯೇನಪ್ಪ? ಇಲ್ಲ, ಅಣ್ಣನಿಗೆ. ಸರಿ, ಮನುಷ್ಯರನ್ನು ಹೊರಗಿಡೋಣ. ‘ಹತ್ತು’ ಮುಗಿಯುವುದು ‘ಉ’ದಿಂದ, ಆದರೂ ‘ಹತ್ತಕ್ಕೆ ಬಾ’ ಅನ್ನುತ್ತೇವಲ್ಲ? ‘ಅಮೆರಿಕಕ್ಕೆ’ ಎಂದು ಬರೆಯುವವರೇ ಮಾತಿನಲ್ಲಿ ‘ಅಮೆರಿಕಾಗೆ’ ಅನ್ನುತ್ತಾರಲ್ಲ? ಗಂಟೆ ಹೊಡೆಯುವಷ್ಟರಲ್ಲಿ ನಿಯಮ ನಾಲ್ಕು ಸಲ ತಿದ್ದುಪಡಿ ಕಂಡಿರುತ್ತದೆ. ನನ್ನನ್ನು ಕೇಳಿದರೆ ಈ ಶಾಸ್ತ್ರದ ನಿಜವಾದ ಪಾಠ ಇದೇ, ಮಿಕ್ಕಿದ್ದು ಪರೀಕ್ಷೆಗೆ.

ಕನ್ನಡ ನಾಡಿನಲ್ಲಿ ಪಾಠ ಶುರುವಾದದ್ದು ಹೀಗಲ್ಲ. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಆರಂಭವಾದಾಗ ಭಾಷೆಯ ಅಧ್ಯಯನವೆಂದರೆ ಭಾಷೆಯ ಚರಿತ್ರೆ: ಶಾಸನ, ಹಳಗನ್ನಡ ಕಾವ್ಯ, ಕೇಶಿರಾಜನ ಸೂತ್ರ. ಆರ್. ನರಸಿಂಹಾಚಾರ್ಯರ ಕನ್ನಡ ಭಾಷಾಚರಿತ್ರೆ 1934ರಲ್ಲಿ ಬಂತು, ಹಳೆಯ ಶಾಸನಗಳ ವ್ಯಾಕರಣ ಕುರಿತ ಎ.ಎನ್. ನರಸಿಂಹಯ್ಯನವರ ಗ್ರಂಥ 1941ರಲ್ಲಿ, ಜಿ.ಎಸ್. ಗಾಯಿ ಅವರ ಹಳಗನ್ನಡದ ಚಾರಿತ್ರಿಕ ವ್ಯಾಕರಣ 1946ರಲ್ಲಿ. ಎಲ್ಲವೂ ಗಟ್ಟಿ ಕೆಲಸ, ಇವತ್ತಿಗೂ ಕೈಗೆತ್ತಿಕೊಳ್ಳಬೇಕಾದವು. ಆದರೆ ವಿದ್ಯಾರ್ಥಿಯ ಕಣ್ಣಿಗಿದ್ದ ಕೆಲಸ ಕಿವಿಗಿರಲಿಲ್ಲ. ‘ಪಾಲು’ ಹೋಗಿ ‘ಹಾಲು’ ಆದದ್ದನ್ನು ಅವನು ಶಾಸನದ ಸಾಲು ತೋರಿಸಿ ಹೇಳಬಲ್ಲವನಾಗಿದ್ದ. ಅದೇ ಹಾಲನ್ನು ತನ್ನೂರಿನವರು ‘ಆಲು’ ಅಂದರೆ ಮಾತ್ರ ಅದು ಅಶುದ್ಧ ಉಚ್ಚಾರಣೆ.

ಕಿವಿ ತೆರೆಸಿದ್ದು ಪುಣೆ. 1939ರಲ್ಲಿ ಸಂಶೋಧನಾ ಸಂಸ್ಥೆಯಾಗಿ ಮರುಹುಟ್ಟು ಪಡೆದಿದ್ದ ಡೆಕ್ಕನ್ ಕಾಲೇಜು, ಎಸ್.ಎಂ. ಕತ್ರೆಯವರ ಮುಂದಾಳ್ತನದಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1950ರ ದಶಕದ ನಡುವಿನಲ್ಲಿ ಭಾಷಾವಿಜ್ಞಾನದ ಬೇಸಿಗೆ ಶಿಬಿರಗಳನ್ನು ಆರಂಭಿಸಿತು. ಅಲ್ಲಿ ಮೇಷ್ಟ್ರುಗಳೂ ವಿದ್ಯಾರ್ಥಿಗಳಾಗಿ ಕೂತರು; ಆ ಸಂಕೋಚವನ್ನು ನುಂಗಿಕೊಂಡವರೇ ಮುಂದೆ ವಿಭಾಗಗಳನ್ನು ಕಟ್ಟಿದರು. 1955ರಿಂದ 57ರವರೆಗೆ ಅಲ್ಲಿದ್ದ ವಿಲಿಯಂ ಬ್ರೈಟ್ 1958ರಲ್ಲಿ ಆಡುಗನ್ನಡದ ರೂಪರೇಖೆಯನ್ನು ಪ್ರಕಟಿಸಿದರು, ಎರಡು ವರ್ಷದ ನಂತರ ಬ್ರಾಹ್ಮಣರ ಮತ್ತು ಬ್ರಾಹ್ಮಣೇತರರ ಕನ್ನಡವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಎ.ಕೆ. ರಾಮಾನುಜನ್ 1958ರಲ್ಲಿ ಡೆಕ್ಕನ್ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಇಂಡಿಯಾನಾಕ್ಕೆ ಹೋದರು. 1963ರಲ್ಲಿ ಅವರಿಗೆ ಡಾಕ್ಟರೇಟ್ ಬಂದದ್ದು ಕನ್ನಡ ವ್ಯಾಕರಣದ ಮೇಲೆಯೇ.

ಡೆಕ್ಕನ್ ಕಾಲೇಜಿನ ಮಾರ್ಗದರ್ಶನದ ಬಗೆ ಸರಳ: ಊರಿಗೆ ಹೋಗು, ಕೇಳು, ಬರೆದುಕೊಂಡು ಬಾ. ಬಾರ್ಕೂರು, ನಂಜನಗೂಡು, ಗುಲ್ಬರ್ಗದ ಕನ್ನಡಗಳ ಮೇಲೆ 1960ರ ದಶಕದಲ್ಲಿ ಸಾಲಾಗಿ ಪುಸ್ತಕಗಳು ಬಂದದ್ದು ಹೀಗೆ. ನಂಜನಗೂಡಿನ ಮಾತನ್ನು ದಾಖಲಿಸಿದ ಯು.ಪಿ. ಉಪಾಧ್ಯಾಯರು ಮುಂದೆ ಉಡುಪಿಯಲ್ಲಿ ಆರು ಸಂಪುಟಗಳ ತುಳು ನಿಘಂಟನ್ನು ಕಟ್ಟಿದರು. ಎಚ್.ಎಸ್. ಬಿಳಿಗಿರಿಯವರು ಮುಂಡಾ ಕುಟುಂಬದ ಖರಿಯಾ ಭಾಷೆಯ ಬೆನ್ನು ಹತ್ತಿದರು, ಡಿ.ಎನ್. ಶಂಕರ ಭಟ್ಟರು ಬೋಡೊ, ತಾಂಗ್‌ಖುಲ್ ನಾಗಾ, ಕೊರಗ ಎಂದು ಸುತ್ತಿದರು.

ಕ್ಷೇತ್ರಕಾರ್ಯಕ್ಕಿಳಿದವನು ಮೊದಲು ಕಲಿಯುವುದು, ನೇರವಾಗಿ ಕೇಳಬಾರದು ಎಂಬುದನ್ನು. ‘ನಿಮ್ಮ ಕಡೆ ಹೋಗುತ್ತಾನೆ ಅಂತೀರಾ, ಅಜ್ಜಿ?’ ಎಂದರೆ, ಓದಿದ ಹುಡುಗನಿಗೆ ನೋವಾಗದಿರಲೆಂದು ಅಜ್ಜಿ ‘ಊಂ ಕಣಪ್ಪ, ಅಂಗೇ ಅಂತೀವಿ’ ಅನ್ನುತ್ತಾಳೆ. ಆಮೇಲೆ ಸೊಸೆಯ ಕಡೆ ತಿರುಗಿ ‘ಅವ್ನೂ ಸಂತೆಗ್ ಓಯ್ತನಂತೆ’ ಅನ್ನುತ್ತಾಳೆ. ಬರೆದುಕೊಳ್ಳಬೇಕಾದದ್ದು ಈ ಎರಡನೆಯದನ್ನು. ಯಾವುದನ್ನು ಬರೆದುಕೊಂಡಿದ್ದಾನೆ ಎಂದು ನೋಟ್‌ಬುಕ್ ತಿರುವಿ ನೋಡುವ ತಾಳ್ಮೆ ಗೈಡಿಗಿದ್ದರೆ ಹುಡುಗ ದಡ ಸೇರಿದಂತೆ.

1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಬಂತು, ಡಿ.ಪಿ. ಪಟ್ಟನಾಯಕ್ ಮೊದಲ ನಿರ್ದೇಶಕರು. ಹೊರರಾಜ್ಯದ ಶಿಕ್ಷಕರು ಹತ್ತು ತಿಂಗಳಲ್ಲಿ ಕನ್ನಡ ಕಲಿಯುವ ಏರ್ಪಾಡು ಆಯಿತು, ಬುಡಕಟ್ಟು ಭಾಷೆಗಳ ವ್ಯಾಕರಣಗಳು ಅಚ್ಚಾದವು. ತರಗತಿಯ ಒಳಗೆ ಅಷ್ಟೇ ದೊಡ್ಡ ಬದಲಾವಣೆ ತಂದದ್ದು ಒಂದು ಪುಸ್ತಕ ಎಂದು ನನ್ನ ಎಣಿಕೆ: 2000ದಲ್ಲಿ ಬಂದ ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’. ಕನ್ನಡ ಬರವಣಿಗೆಗೆ ಅವರು ಸೂಚಿಸಿದ ಸುಧಾರಣೆಯನ್ನು ಒಪ್ಪದವರು ಬಹಳ ಮಂದಿ. ಇರಲಿ. ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಒತ್ತದೆ ನೋಡಬಹುದು ಎಂಬ ಧೈರ್ಯ ಎಂ.ಎ. ವಿದ್ಯಾರ್ಥಿಗೆ ಬಂದದ್ದು ಅಲ್ಲಿಂದ. ಹಂಪಿಯಲ್ಲಿ ಕೆ.ವಿ. ನಾರಾಯಣ ಅವರು ನುಡಿಯ ಜೊತೆಗೆ ನುಡಿಯುವವರ ಬದುಕನ್ನೂ ಚರ್ಚೆಗೆ ತಂದರು.

ಇಷ್ಟೆಲ್ಲ ಆಗಿಯೂ ಕನ್ನಡ ಎಂ.ಎ.ಯಲ್ಲಿ ಭಾಷಾವಿಜ್ಞಾನ ಸಾಮಾನ್ಯವಾಗಿ ಒಂದು ಪತ್ರಿಕೆ. ಧ್ವನಿಮಾ ಎಂದರೇನು, ಆಕೃತಿಮಾ ಎಂದರೇನು, ಐದೈದು ಅಂಕ. ಒಂದೂ ಧ್ವನಿಮಾವನ್ನು ತಾನಾಗಿ ಹುಡುಕದೆ ಪಾಸಾಗಬಹುದು. 2016ರಲ್ಲಿ ಮೈಸೂರಿನಲ್ಲೇ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ ನಡೆಯಿತು. ಹೆಸರೇ ಕೇಳದ ಭಾಷೆಯ ಹತ್ತಿಪ್ಪತ್ತು ಪದ ಕೊಟ್ಟು ನಿಯಮ ಬಿಡಿಸಿ ಎನ್ನುವ ಸ್ಪರ್ಧೆ ಅದು, ಬಿಡಿಸುವವರು ಶಾಲೆಯ ಮಕ್ಕಳು. ನಮ್ಮ ಪ್ರಶ್ನೆಪತ್ರಿಕೆ ತಯಾರಿಸುವವರು ಅದನ್ನೊಮ್ಮೆ ಬಿಡಿಸಿ ನೋಡಬಹುದಿತ್ತು.

ಸಲಕರಣೆಗಂತೂ ಈಗ ಬರವಿಲ್ಲ. ಎಲ್ಲರ ಜೇಬಿನಲ್ಲೂ ರೆಕಾರ್ಡರ್ ಇದೆ, ಧ್ವನಿಯ ಅಲೆ ಬಿಡಿಸಿ ತೋರಿಸುವ ‘ಪ್ರಾಟ್’ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಹುಡುಗಿಯೊಬ್ಬಳು ಅಜ್ಜಿಯ ಮಾತನ್ನು ಫೋನಿನಲ್ಲಿ ತಂದು ‘ಹಾಲು’ ಎಂದು ಬರೆದುಕೊಂಡಿರುತ್ತಾಳೆ. ಪರದೆಯ ಮೇಲೆ ಪದದ ಮೊದಲಿಗೆ ಉಸಿರಿನ ಸುಳಿವೇ ಇಲ್ಲ. ‘ಹಾಲು ಅಂತಲೇ ಅಂದ್ರು ಸಾರ್, ನಾನೇ ಕೇಳಿಸ್ಕೊಂಡೆ.’ ಮೇಷ್ಟ್ರು ವಾದ ಮಾಡುವುದಿಲ್ಲ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ: ‘ಇನ್ನೊಂದ್ಸಲ ಹಾಕಮ್ಮ.’